ಆಯುಧ ಪೂಜೆಯ ದಿನದ ಅಪ್‌ಡೇಟ್

ಚಿತ್ತವಾಡ್ಗಿಯಲ್ಲಿ ನನ್ನ ಅತ್ತೆಯ ಅಂಗಡಿ ಇದೆ. ಅತ್ತೆ ಎಂದರೆ ಅಪ್ಪನ ತಂಗಿ. ಅವಳ ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಿಷನ್, ಬಾಗಿಲಿಗೆ ಮುಖ ಮಾಡಿ ಹಾಕಿದ ಒಂದು ಕುರ್ಚಿ. ಮಾವ ತೀರಿಕೊಂಡ ಮೇಲೆ ಅವಳು ಆ ಕುರ್ಚಿಯಲ್ಲಿ ಕುಳಿತೇ ಮಗಳನ್ನು ಓದಿಸಿ, ಗಂಗಾವತಿಗೆ ಮದುವೆ ಮಾಡಿಕೊಟ್ಟಳು. ಬಾಡಿಗೆ ಕರಾರು, ಅಫಿಡವಿಟ್, ತಹಶೀಲ್ದಾರರಿಗೆ ಅರ್ಜಿ, ಹಂಪಿಯ ಹೋಮ್‌ಸ್ಟೇಗಳ ಊಟದ ಮೆನು, ಇಂಥವನ್ನು ಟೈಪ್ ಮಾಡಿ ಕೊಡುವುದು ಅವಳ ಕೆಲಸ. ಟೈಪಿಂಗ್ ಕಲಿತದ್ದು ತವರೂರು ಕಂಪ್ಲಿಯಲ್ಲಿ, ದೊಡ್ಡ ಕಬ್ಬಿಣದ ಯಂತ್ರಗಳ ಕಾಲದಲ್ಲಿ. ಈಗಲೂ ಕೀಬೋರ್ಡ್ ನೋಡದೆ ಹೊಡೆಯುತ್ತಾಳೆ. ಹೊಡೆಯುವಾಗ ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿರುತ್ತಾಳೆ.

ನಾನು ತೋರಣಗಲ್ಲಿನಲ್ಲಿ ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿ ಕಾರ್ಮಿಕರ ಹಾಜರಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸದಲ್ಲಿದ್ದೇನೆ. ಬೆಳಿಗ್ಗೆ ಹೊಸಪೇಟೆಯಿಂದ ಕಂಪನಿ ಬಸ್ಸು ಹಿಡಿದರೆ ವಾಪಸ್ ಬರುವುದು ದೀಪ ಹತ್ತಿದ ಮೇಲೆ. ದಿನಚರಿ ಬರೆಯುವುದು ಹೈಸ್ಕೂಲಿನಿಂದ ಬಂದ ಅಭ್ಯಾಸ. ಯಾವ ದಿನ ಏನು ನಡೆಯಿತು, ಎಷ್ಟು ಸಲ ನಡೆಯಿತು ಎಂದು ಗುರುತು ಹಾಕಿಡುತ್ತೇನೆ. ಅದರಿಂದ ದೊಡ್ಡ ಉಪಯೋಗವೇನೂ ಆಗಿಲ್ಲ. ಆದರೆ ಈ ಸಂಗತಿಯನ್ನು ಬರೆಯುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬ ಗೊಂದಲ ನನಗಿಲ್ಲ.

ಬೇಸಿಗೆಯಲ್ಲಿ ಅತ್ತೆಯ ಕಂಪ್ಯೂಟರ್ ಒಂದು ಸೂಚನೆ ತೋರಿಸತೊಡಗಿತು. ಎಲ್ಲರ ಯಂತ್ರದಲ್ಲಿರುವ ಅದೇ ಸಿಸ್ಟಮ್ ಅವಳದರಲ್ಲಿಯೂ ಇತ್ತು. ಇನ್ನು ಮುಂದೆ ಈ ಆವೃತ್ತಿಗೆ ರಕ್ಷಣೆ ಸಿಗುವುದಿಲ್ಲ, ಮುಂದಿನ ಆವೃತ್ತಿಗೆ ಈ ಯಂತ್ರ ಸಾಲದು ಎಂದು ಆ ಸೂಚನೆ ಹೇಳುತ್ತಿತ್ತು. ಅತ್ತೆ ಅದನ್ನು ಮುಚ್ಚಿ ಕೆಲಸ ಮುಂದುವರಿಸುತ್ತಿದ್ದಳು. ಆಮೇಲೆ ಯಂತ್ರ ನಿಧಾನವಾಯಿತು. ಅರ್ಜಿ ಹಾಕುವ ಸೈಟುಗಳು ತೆರೆಯದಾದವು. ಒಂದು ಮಧ್ಯಾಹ್ನ ಹಂಪಿಯ ಹೋಮ್‌ಸ್ಟೇಯವರು ಮೆನುಗಾಗಿ ಕಾದು ಕಾದು, ಬೇರೆ ಕಡೆ ಮಾಡಿಸಿಕೊಳ್ಳುತ್ತೇವೆಂದು ಎದ್ದು ಹೋದರು. ಅದನ್ನು ಅತ್ತೆಯ ಭಾವ ನೋಡಿದರು.

ಭಾವ ಎಂದರೆ ಮಾವನ ಅಣ್ಣ. ಬಸ್ ಸ್ಟ್ಯಾಂಡಿನ ಹತ್ತಿರ ಟೈರಿನ ಅಂಗಡಿ ಇಟ್ಟಿದ್ದಾರೆ. ಅತ್ತೆಯ ಮನೆ ಇನ್ನೂ ಪಾಲಾಗಿಲ್ಲ, ಮುಂದಿನ ಕೋಣೆಯ ವಿಷಯದಲ್ಲಿ ಅವರ ಮಾತೇ ನಡೆಯುತ್ತದೆ. ಕೆಟ್ಟವರಲ್ಲ. ಮೊಬೈಲ್ ಕವರ್ ಮಾರುವವರೊಬ್ಬರು ಆ ಕೋಣೆ ಕೇಳುತ್ತಿದ್ದಾರೆಂದು ಅವರು ಹೇಳಿದ ದಿನ ನಾನೂ ಅಲ್ಲಿದ್ದೆ.

"ನೋಡವ್ವಾ, ಬಾಡಗಿ ಪೂರಾ ನಿಂದ. ನಾ ಒಂದ್ ಪೈಸಾ ಮುಟ್ಟಂಗಿಲ್ಲ. ಕುಂತಲ್ಲೇ ಬರ್ತೈತಿ."

"ಬಾಡಗಿ ಬರ್ತೈತ್ರಿ ಭಾವಾರ," ಎಂದಳು ಅತ್ತೆ. "ಆದ್ರ ನಾ ಎಲ್ಲಿ ಕುಂದ್ರಬೇಕು?"

"ಮನ್ಯಾಗ," ಎಂದರು ಭಾವ. ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಅವರೇ, "ದಸರಾ ತನ ನೋಡೂನು. ಮಿಷನ್ ನಡದ್ರ ನಿನ್ನ ಅಂಗಡಿ ನಿನಗ. ಬನ್ನಿ ಕೊಡಾಕ ಬಂದಾಗ ಕೇಳ್ತೀನಿ," ಎಂದು ಹೇಳಿ ಹೋದರು.

ಆ ವಾರವೇ ನಾನು ಸಂಡೂರಿಗೆ ಹೋಗಿ ನನ್ನ ಗೆಳೆಯನನ್ನು ಕಂಡೆ. ಅವನು ಅಲ್ಲಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ಲ್ಯಾಬಿನ ಹಳೆಯ ಯಂತ್ರಗಳಿಗೆಲ್ಲ ಲಿನಕ್ಸ್ ಹಾಕಿದ್ದ. ಬೇರೆ ಸಿಸ್ಟಮ್, ಯಾರು ಬೇಕಾದರೂ ಹಾಕಿಕೊಳ್ಳಬಹುದು, ದುಡ್ಡು ಕೊಡಬೇಕಾಗಿಲ್ಲ. ಅದನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟು, "ಮೊದ್ಲ ಪೆನ್‌ಡ್ರೈವಿನಿಂದಾನೇ ಓಡ್ಸಿ ನೋಡು. ಪ್ರಿಂಟರ್ ಹಿಡೀತು ಅಂದ್ರ ಆಮ್ಯಾಲೆ ಹಾಕು," ಎಂದ.

ಭಾನುವಾರ ಹಾಗೆಯೇ ಮಾಡಿದೆ. ಪ್ರಿಂಟರಿನ ವೈರು ಜೋಡಿಸಿದ ಕೂಡಲೇ ಅದರ ಹೆಸರು ಪರದೆಯ ಮೇಲೆ ಬಂತು. ಹಿಂದೆ ಅದಕ್ಕೊಂದು ಸಿ.ಡಿ. ಹಾಕಬೇಕಿತ್ತು, ಆ ಸಿ.ಡಿ. ಕಳೆದು ಎಷ್ಟೋ ವರ್ಷವಾಗಿತ್ತು. ಅತ್ತೆ ಕುಳಿತು ಮೌಸ್ ಆಡಿಸಿದಳು.

"ಯಾರದೋ ಮನಿಗೆ ಬಂದಂಗ ಆತಲ್ಲೋ. ಎಲ್ಲಾ ಐತಿ, ಎಲ್ಲಿ ಐತಿ ಗೊತ್ತಿಲ್ಲ."

"ನಾಕ್ ದಿನ ಆದ್ರ ನಿಂದೇ ಮನಿ ಆಗ್ತೈತಿ."

"ಸೊಸಿಗೆ ಹಿಂಗ ಹೇಳ್ತಾರ," ಎಂದಳು.

ಅವಳ ಫೈಲುಗಳನ್ನು ಬೇರೆ ಕಡೆ ತೆಗೆದಿಟ್ಟು, ಹಳೆಯದನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕಿದೆ. ಅವಳು ಒಮ್ಮೆ ಚಹಾ ಮಾಡಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಮುಗಿಯಿತು. ಅವಳ ಬೆರಳಿಗೆ ರೂಢಿಯಿದ್ದ ಕನ್ನಡ ಕೀಲಿ ಜೋಡಣೆ ಅದರಲ್ಲಿ ಮೊದಲೇ ಇತ್ತು, ಸೆಟ್ಟಿಂಗಿನಲ್ಲಿ ಆರಿಸಿದರಾಯಿತು. ಪರದೆಯ ಮಾತುಗಳನ್ನೂ ಕನ್ನಡಕ್ಕೆ ತಿರುಗಿಸಿ ತೋರಿಸಿದೆ. ಅವಳು ಕಡತ, ಸಂಪಾದನೆ, ಅಳವಡಿಕೆ ಎಂದು ಒಂದೊಂದಾಗಿ ಓದಿ, "ಕೋರ್ಟಿನ್ಯಾಗ ಕುಂತಂಗ ಅನಸ್ತೈತಿ. ಫೈಲ್ ಅಂತ ಇದ್ದದ್ದು ಫೈಲ್ ಅಂತಾನೇ ಇರ್ಲಿ," ಎಂದಳು. ಮತ್ತೆ ಇಂಗ್ಲಿಷಿಗೆ ತಿರುಗಿಸಿದೆ.

ತೊಂದರೆ ಬಂದದ್ದು ಹಳೆಯ ಫೈಲುಗಳಲ್ಲಿ. ಕರಾರು, ಅಫಿಡವಿಟ್ಟುಗಳ ನಮೂನೆಗಳನ್ನೆಲ್ಲ ಅವಳು ಹಳೆಯ ಕನ್ನಡ ಫಾಂಟಿನಲ್ಲಿ ಹೊಡೆದಿಟ್ಟಿದ್ದಳು. ಹೊಸದರಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತಿತ್ತು. ಅದನ್ನು ಪರಿವರ್ತಿಸುವ ದಾರಿ ಇದೆ, ಹುಡುಕುತ್ತೇನೆ ಎಂದೆ. ಅವಳು ಕಾಯಲಿಲ್ಲ. ಪ್ರಿಂಟ್ ತೆಗೆದಿಟ್ಟ ಹಳೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಮೊದಲಿನಿಂದ ಹೊಡೆಯಲು ಕುಳಿತಳು. ಆಷಾಢ ಪೂರ್ತಿ ಅದೇ ಕೆಲಸ. ಶ್ರಾವಣದ ಹೊತ್ತಿಗೆ ಅವಳ ನಮೂನೆಗಳೆಲ್ಲ ಹೊಸ ಸಿಸ್ಟಮ್ಮಿನೊಳಗಿದ್ದವು.

ಪ್ರೋಗ್ರಾಂ ಹಾಕಿಕೊಳ್ಳುವ ರೀತಿಯನ್ನೂ ಹೇಳಿಕೊಟ್ಟೆ. ಲಿನಕ್ಸಿನಲ್ಲಿ ಯಾರ ಹತ್ತಿರವೋ ಪೆನ್‌ಡ್ರೈವ್ ಬೇಡಿಕೊಂಡು ತರಬೇಕಾಗಿಲ್ಲ. ಒಳಗೇ ಒಂದು ಭಂಡಾರವಿದೆ. ಬೇಕಾದದ್ದರ ಹೆಸರು ಹೊಡೆದು, ಇನ್‌ಸ್ಟಾಲ್ ಎಂದು ಒತ್ತಿ, ಪಾಸ್‌ವರ್ಡ್ ಕೊಟ್ಟರಾಯಿತು.

"ಇದು ಯಾರ ಅಂಗಡಿ?"

"ಯಾರದೂ ಅಲ್ಲ."

"ಯಾರದೂ ಅಲ್ಲದ ಅಂಗಡಿಗೆ ಪಾಸ್‌ವರ್ಡ್ ಯಾಕ?"

"ಬಾಗ್ಲಾ ನಿನ್ನ ಮನಿದು. ಒಳಗ ಯಾರು ಬರ್ತಾರ ಅಂತ ನಿನಗ ಗೊತ್ತಿರ್ಲಿ ಅಂತ."

ಅದು ಅವಳಿಗೆ ಒಪ್ಪಿಗೆಯಾಯಿತು. ಪಾಸ್‌ವರ್ಡ್ ಯಾರಿಗೂ ಹೇಳುವುದಿಲ್ಲವೆಂದಳು. ನನಗೂ ಹೇಳಲಿಲ್ಲ.

ಒಂದನ್ನು ಮಾತ್ರ ನಾನು ಅವಳ ಕಣ್ಣಿಗೆ ಬೀಳದಂತೆ ಇಟ್ಟಿದ್ದೆ. ಲಿನಕ್ಸಿನಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ಇರುತ್ತದೆ. ಚಿತ್ರಗಳಿಲ್ಲ, ಗುಂಡಿಗಳಿಲ್ಲ, ಆಜ್ಞೆಗಳನ್ನು ಅಕ್ಷರದಲ್ಲಿ ಹೊಡೆಯಬೇಕು. ಅದನ್ನು ನೋಡಿದರೆ ಅತ್ತೆ ಗಾಬರಿಯಾಗುತ್ತಾಳೆಂದು ಅದರ ಚಿತ್ರವನ್ನು ಪಟ್ಟಿಯಿಂದ ತೆಗೆದುಹಾಕಿದ್ದೆ. ದೊಡ್ಡ ದೊಡ್ಡ ಚಿತ್ರಗಳನ್ನು ಪರದೆಯ ಮೇಲೆ ಸಾಲಾಗಿ ಜೋಡಿಸಿದ್ದೆ.

ಅತ್ತೆ ಫೋನ್ ಮಾಡಿದಾಗಲೆಲ್ಲ ದಿನಚರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಮೊದಲ ತಿಂಗಳು ಗೆರೆಗಳು ಪುಟದ ಅಂಚು ಮುಟ್ಟಿದವು. ಸೇವ್ ಮಾಡಿದ್ದು ಎಲ್ಲಿ ಹೋಯಿತು, ಕಿಟಕಿ ಚಿಕ್ಕದಾಗಿ ಮೂಲೆಗೆ ಹೋಗಿದೆ, ಗಿರಾಕಿಯ ಪೆನ್‌ಡ್ರೈವ್ ತೆಗೆಯಲು ಏನು ಒತ್ತಬೇಕು, ಇಂಥವೇ. ಯಾವುದೂ ಟೈಪಿಂಗಿನ ತೊಂದರೆಯಲ್ಲ, ಎಲ್ಲವೂ ಮೌಸಿನವು. ಅದನ್ನು ಆಗ ನಾನು ಗಮನಿಸಲಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಗೆರೆಗಳು ಕಡಿಮೆಯಾದರೂ ಪೂರ್ತಿ ನಿಂತಿರಲಿಲ್ಲ. ಅವಳು ಒಬ್ಬಳೇ ನಡೆಸಬಲ್ಲಳು ಎಂದು ಭಾವನೆದುರು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ದಸರಾಕ್ಕೆ ಮೊದಲು ಸಿಸ್ಟಮ್ಮಿನ ಹೊಸ ಆವೃತ್ತಿ ಬಂತು. ಹಾಕಿಕೊಂಡರೆ ಒಳ್ಳೆಯದೆಂದು ಸಂಡೂರಿನ ಗೆಳೆಯ ಹೇಳಿದ. ಇಳಿಸಿಕೊಳ್ಳಲು, ಜೋಡಿಸಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ಅಂಗಡಿಯ ಕೆಲಸ ನಿಲ್ಲಬೇಕು. ಯೋಚಿಸಿ ಆಯುಧ ಪೂಜೆಯ ದಿನವನ್ನು ಆರಿಸಿದೆ. ಅಂದು ಗಿರಾಕಿಗಳಿಲ್ಲ, ಅಂಗಡಿಗೆ ರಜೆ. ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅತ್ತೆಯ ಮನೆಗೆ ಹೋಗಿ, ಅವಳಿಂದ ಪಾಸ್‌ವರ್ಡ್ ಹೊಡೆಸಿ ಅಪ್‌ಡೇಟ್ ಶುರು ಮಾಡಿದೆ. ಅವಳು ಜೆರಾಕ್ಸ್ ಮಿಷನ್ನಿನ ಗಾಜು ಒರೆಸುತ್ತಿದ್ದಳು.

"ಅತ್ತಿ, ಮುಗಿಯೂ ತನ ಬಂದ್ ಮಾಡಬ್ಯಾಡ."

"ಹೂಂ," ಎಂದಳು.

ನಾನು ಕೆಲಸ ಮಾಡುವ ಕಡೆ ಆಯುಧ ಪೂಜೆ ನಡೆಯುವುದು ಓಡುತ್ತಿರುವ ಯಂತ್ರಗಳಿಗೆ. ಉಕ್ಕಿನ ಕುಲುಮೆಯನ್ನು ಹಬ್ಬವೆಂದು ಆರಿಸುವಂತಿಲ್ಲ. ಅದು ಉರಿಯುತ್ತಲೇ ಇರುತ್ತದೆ, ದೂರದಿಂದ ಮಂಗಳಾರತಿ ಎತ್ತುತ್ತಾರೆ, ಬೂದುಗುಂಬಳಕಾಯಿ ಒಡೆಯುತ್ತಾರೆ, ಶಿಫ್ಟ್ ಮುಂದುವರಿಯುತ್ತದೆ. ಕ್ರೇನುಗಳಿಗೂ, ನಮ್ಮ ಆಫೀಸಿನ ಕಂಪ್ಯೂಟರುಗಳಿಗೂ ಹಾಗೆಯೇ. ಕೆಲಸಕ್ಕೆ ಸೇರಿದಾಗಿನಿಂದ ಅದನ್ನೇ ನೋಡಿಕೊಂಡು ಬಂದಿದ್ದರಿಂದ ಬೇರೆ ರೀತಿ ಇದ್ದೀತೆಂದು ನನಗೆ ಹೊಳೆಯಲೇ ಇಲ್ಲ. ಅಂದು ನನ್ನ ಲೆಕ್ಕದಲ್ಲಿ ರಜೆ ಇದ್ದದ್ದು ಗಿರಾಕಿಗಳಿಗೆ. ಅತ್ತೆಯ ಲೆಕ್ಕದಲ್ಲಿ ರಜೆ ಇದ್ದದ್ದು ಯಂತ್ರಕ್ಕೆ.

ಮರುದಿನ ವಿಜಯದಶಮಿ. ನಮ್ಮ ಆಫೀಸಿಗೆ ರಜೆ ಇರಲಿಲ್ಲ. ಬೆಳಗಿನ ಹಾಜರಿ ಹಾಕುತ್ತಿದ್ದಾಗ ಅತ್ತೆಯ ಫೋನ್ ಬಂತು.

"ಅಳಿಯಾ, ಕರೇ ಪರದಿ ಬಂದೈತಿ. ಬಿಳೇ ಅಕ್ಷರ. ಲಾಗಿನ್ ಅಂತ ಕೇಳಾಕತ್ತೈತಿ."

"ನಿನ್ನೆ ಏನ್ ಮಾಡಿದಿ?"

"ಏನ್ ಮಾಡ್ಲಿ, ಪೂಜಿ ಮಾಡೀನಿ."

"ಬಂದ್ ಮಾಡಿದ್ದೇನು?"

"ಮತ್ತ? ಓಡೂ ಆಯುಧಕ್ಕ ಯಾರರ ಕುಂಕುಮ ಹಚ್ತಾರೇನು?"

"ಮುಗಿಯೂ ತನ ಬ್ಯಾಡ ಅಂದಿದ್ನಲ್ಲ."

"ಅಂದಿದ್ದಿ. ಪೂಜಿ ಹೊತ್ತಾತು, ಅದು ಮುಗೀಲಿಲ್ಲ. ಮೌಸಿಲೇ ಬಂದ್ ಮಾಡಾಕ ಹೋದೆ. ಬ್ಯಾಡ ಅಂತ ಇಂಗ್ಲಿಷಿನ್ಯಾಗ ಏನೇನೋ ಹೇಳ್ತು. ಇದೂ ಅಳಿಯನಂಗ ವಾದ ಮಾಡ್ತೈತಿ ಅಂತ ವೈರ್ ಕಿತ್ತೆ."

ಜೋಡಣೆಯ ನಡುವೆ ಕರೆಂಟು ಹೋದರೆ ಯಂತ್ರದೊಳಗೆ ಹಳೆಯದೂ ಪೂರ್ತಿ ಇರುವುದಿಲ್ಲ, ಹೊಸದೂ ಪೂರ್ತಿ ಬಂದಿರುವುದಿಲ್ಲ. ಆಷಾಢದಲ್ಲಿ ಅವಳು ಹೊಡೆದ ನಮೂನೆಗಳೆಲ್ಲ ಅದರೊಳಗಿದ್ದವು.

"ಭಾವಾರು ಸಂಜಿ ಮುಂದ ಬನ್ನಿ ಕೊಡಾಕ ಬರ್ತಾರ," ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಬಂದಾಗ ಇದು ಹಿಂಗ ಇದ್ರ, ನಾ ಮಾತು ಆಡಂಗಿಲ್ಲ. ಕೀಲಿ ಕೊಟ್ಟು ಬಿಡ್ತೀನಿ."

ಸಂಜೆಯ ಬಸ್ಸಿಗೆ ಮೊದಲು ನಾನು ಹೊರಡುವಂತಿರಲಿಲ್ಲ. ಸಂಡೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹೋಳಿಗೆ ಊಟಕ್ಕೆ ಮಾವನ ಮನೆಗೆ ಹೊರಟಿದ್ದ. ಎಲ್ಲ ಕೇಳಿ ನಕ್ಕ.

"ಫೈಲ್ ಎಲ್ಲೂ ಹೋಗಿರಂಗಿಲ್ಲ. ಸುಣ್ಣಾ ಬಳಿಯೂದು ಅರ್ಧಕ್ಕ ನಿಂತೈತಿ ಅಷ್ಟ, ಮನಿ ಬಿದ್ದಿಲ್ಲ. ಅರ್ಧಕ್ಕ ಬಿಟ್ಟದ್ದು ಪೂರ್ತಿ ಮಾಡು ಅಂತ ಹೇಳೂ ಸಾಲು ಒಂದೈತಿ, ಬರ್ಕೋ. ಆದ್ರ ಒಂದು ಅಕ್ಷರ ತಪ್ಪಿದ್ರ ಕೇಳಂಗಿಲ್ಲ. ನಿಮ್ಮತ್ತಿ ಕೈಲೇ ಫೋನಿನ್ಯಾಗ ಆಗೂದು ಸುಳ್ಳು. ನೀನೇ ಹೋಗು."

ಸಾಲನ್ನು ಅಂಗೈ ಮೇಲೆ ಬರೆದುಕೊಂಡೆ. ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಹಿಂದಿನ ಬೇವಿನ ಮರದ ಕೆಳಗೆ ನಿಂತು ಅತ್ತೆಗೆ ಫೋನ್ ಹಚ್ಚಿದೆ. ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. ಇಂಗ್ಲಿಷ್ ಅಕ್ಷರ, ನಡುವೆ ಗೀಟು, ಅರ್ಥವಿಲ್ಲದ ಪದ ಎಂದೆಲ್ಲ ವಿವರಿಸತೊಡಗಿದೆ.

"ಅರ್ಥ ಯಾವನಿಗೆ ಬೇಕು?" ಎಂದಳು. "ತಡಿ, ಕಣ್ಣಿಗೆ ಚಾಳೀಸ ಹಾಕ್ಕೊಂತೀನಿ. ಫೋನ್ ಸ್ಪೀಕರಿಗೆ ಹಾಕೀನಿ. ಒಂದೊಂದ ಅಕ್ಷರ ಹೇಳು. ಜಾಗ ಬಿಡೂದಿದ್ರ ಜಾಗ ಅನ್ನು. ಸಾಲು ಮುಗಿದ್ರ ಸಾಲು ಅನ್ನು. ನಾ ತಿರುಗಿ ಓದಿ ಹೇಳೂ ತನ ಮುಂದಕ್ಕ ಹೋಗಬ್ಯಾಡ."

ಕಂಪ್ಲಿಯ ಟೈಪಿಂಗ್ ಶಾಲೆಯಲ್ಲಿ ಉಕ್ತಲೇಖನ ಕೊಡುತ್ತಿದ್ದ ರೀತಿ ಅದು ಎಂದು ಆಮೇಲೆ ಹೇಳಿದಳು. ಮೊದಲು ಲಾಗಿನ್ ಎಂಬಲ್ಲಿ ಅವಳ ಹೆಸರು ಹೊಡೆಸಿದೆ. ಆಮೇಲೆ ಪಾಸ್‌ವರ್ಡ್.

"ಏನೂ ಬೀಳವಲ್ದಲ್ಲೋ."

"ಅಲ್ಲಿ ಕಾಣಂಗಿಲ್ಲ. ಬಿದ್ದೈತಿ ಅಂತ ತಿಳ್ಕೊಂಡು ಹೊಡಿ." ಇಲ್ಲಿಯೇ ಎಲ್ಲರೂ ಸೋಲುವುದು. ನಾನೂ ಮೊದಲ ಸಲ ಕೀಬೋರ್ಡ್ ಕೆಟ್ಟಿದೆಯೆಂದು ಬಿಟ್ಟೆದ್ದಿದ್ದೆ.

"ಹಂಗನ್ನು. ಸ್ಟೆನ್ಸಿಲ್ ಹೊಡದಂಗ. ರಿಬ್ಬನ್ ತಗದು ಹೊಡೀತಿದ್ವಿ, ಅಕ್ಷರ ಕಾಣತಿದ್ದಿಲ್ಲ. ಕಾಪಿ ತಗದಾಗೇ ಗೊತ್ತಾಗೂದು." ಟಪಟಪ ಸದ್ದು ಕೇಳಿಸಿತು. "ಒಳಗ ಬಿಡ್ತು. ಮುಂದಿನ ಸಾಲು ಹೇಳು."

ಅಂಗೈ ನೋಡಿ ಹೇಳಿದೆ. ಎಸ್, ಯು, ಡಿ, ಓ, ಜಾಗ. ಅವಳು ತಿರುಗಿ ಹೇಳಿದಳು. ಡಿ, ಪಿ, ಕೆ, ಜಿ, ಜಾಗ. ತಿರುಗಿ ಹೇಳಿದಳು. ಎರಡು ಗೀಟು. "ಜೋಡಿಸಿ ಹೊಡೀಲೋ, ನಡುವ ಜಾಗ ಬಿಡ್ಲೋ?" ಎಂದು ಕೇಳಿದಳು. ಜೋಡಿಸಿ ಎಂದೆ. ಕೊನೆಗೆ ಪೂರ್ತಿ ಸಾಲನ್ನು ಒಮ್ಮೆ ಓದಿ, "ಸಾಲು?" ಎಂದಳು. "ಸಾಲು," ಎಂದೆ. ಎಂಟರ್ ಬಿದ್ದ ಸದ್ದು ಕೇಳಿತು. ಇನ್ನೊಮ್ಮೆ ಪಾಸ್‌ವರ್ಡ್ ಕೇಳಿರಬೇಕು, ನನ್ನನ್ನು ಕೇಳದೆ ಹೊಡೆದಳು.

"ಸಾಲು ಓಡಾಕತ್ತಾವ," ಎಂದಳು. ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಓದಿದಳು. "ಈಗ ಇದನ್ನ ಹಾಕಾಕತ್ತೀನಿ, ಈಗ ಇದನ್ನ ಹಾಕಾಕತ್ತೀನಿ ಅಂತ ಹೇಳ್ಕೊಂತ ಮಾಡ್ತೈತಲ್ಲೋ. ಇಷ್ಟ ದಿನ ಬರೇ ಚಕ್ರ ತಿರುಗ್ತಿತ್ತು. ಒಳಗ ಏನ್ ನಡದೈತಿ ಗೊತ್ತಾಗ್ತಿದ್ದಿಲ್ಲ."

ಆಮೇಲೆ ಸಾಲುಗಳು ನಿಂತವು. ಯಂತ್ರ ಏನೋ ಪ್ರಶ್ನೆ ಹಾಕಿತ್ತು.

"ಹಳೇ ಫೈಲ್ ಇಟ್ಕೊಳ್ಳಲೋ, ಹೊಸಾದು ಹಾಕಲೋ ಅಂತ ಕೇಳಾಕತ್ತೈತಿ. ಹಳೇದಕ್ಕ ಎನ್, ಹೊಸಾದಕ್ಕ ವಾಯ್."

ಗೆಳೆಯ ಇದನ್ನು ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವನನ್ನು ಕೇಳಿ ಹೇಳುತ್ತೇನೆ, ಏನೂ ಒತ್ತಬೇಡ ಎಂದೆ.

"ಕೇಳೂದೇನೈತಿ. ಫೈಲಿನ ಹೆಸರಿನ್ಯಾಗ ಪ್ರಿಂಟರ್ ಅಂತ ಐತಿ. ನನ್ನ ಪ್ರಿಂಟರ್ ಚಲೋ ನಡದೈತಿ. ಹಳೇದ ಇರ್ಲಿ," ಎಂದು ಎನ್ ಹೊಡೆದಳು. ಸಾಲುಗಳು ಮತ್ತೆ ಓಡತೊಡಗಿದವು.

ಎಲ್ಲ ಮುಗಿದ ಮೇಲೆ ಯಂತ್ರವನ್ನು ಮರಳಿ ಶುರು ಮಾಡುವ ಸಾಲನ್ನೂ ಹೊಡೆಸಿದೆ. ಇಬ್ಬರೂ ಕಾದೆವು. ಅವಳ ಬೀದಿಯಲ್ಲಿ ಆಟೊ ಹೋದ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

"ಬಂತು," ಎಂದಳು. ಆಮೇಲೆ ಮೌಸಿನ ಸದ್ದು. "ನಮೂನಿ ಎಲ್ಲಾ ಅದಾವ."

ನನಗೆ ಊಟದ ಬಿಡುವು ಮುಗಿದಿತ್ತು. ಫೋನ್ ಇಡುವ ಮೊದಲು ಅವಳು ಕೇಳಿದಳು, "ಈ ಕರೇದನ್ನ ಯಾಕ ಮುಚ್ಚಿಟ್ಟಿದ್ದಿ?"

"ಹೆದರ್ತಿ ಅಂತ."

"ಟೈಪ್ ಹೊಡಿಯಾಕಿ ಅಕ್ಷರಕ್ಕ ಹೆದರ್ತಾಳೇನಲೇ? ನಾ ಹೆದರ್ತಿದ್ದದ್ದು ಚಿತ್ರಕ್ಕ."

ಸಂಜೆ ನಾನು ಬಸ್ಸಿಳಿದು ನೇರವಾಗಿ ಚಿತ್ತವಾಡ್ಗಿಗೆ ಹೋದೆ. ಭಾವ ಆಗಲೇ ಬಂದು ಕುಳಿತಿದ್ದರು. ಕಂಪ್ಯೂಟರಿನ ನೆತ್ತಿಯ ಮೇಲೆ ನಿನ್ನೆಯ ಚೆಂಡುಹೂವು, ವಿಭೂತಿ ಹಾಗೆಯೇ ಇದ್ದವು. ಪ್ರತಿ ವರ್ಷ ಬನ್ನಿಯ ದಿನ ಯಂತ್ರ ತೆರೆದಾಗ ಅತ್ತೆ ಮೊದಲು ಒಂದು ಹಾಳೆಯಲ್ಲಿ ‘ಶ್ರೀ’ ಎಂದು ಹೊಡೆದು ಪ್ರಿಂಟ್ ತೆಗೆದು ದೇವರ ಮುಂದೆ ಇಡುತ್ತಾಳೆ. ಈ ಸಲದ ಹಾಳೆ ಆಗಲೇ ದೇವರ ಗೂಡಿನಲ್ಲಿತ್ತು. ಭಾವ ಅದನ್ನು ನೋಡಿದ್ದರು ಎಂದು ಕಾಣುತ್ತದೆ, ಕೇಳಬೇಕೆಂದಿದ್ದನ್ನು ಕೇಳಲಿಲ್ಲ. ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೂನು," ಎಂದರು. ನಾವೂ ಕೊಟ್ಟೆವು. ಅತ್ತೆ ಅವರ ಕಾಲಿಗೆ ನಮಸ್ಕಾರ ಮಾಡಿದಳು.

"ಮೊಬೈಲಿನವರಿಗೆ ಆಸೆ ಹಚ್ಚಿ ಬಿಟ್ಟೀನಿ," ಎಂದರು ಭಾವ, ಚಹಾ ಕುಡಿಯುತ್ತ. "ಇನ್ನ ನನ್ನ ಟೈರಿನ ಅಂಗಡಿ ಬಾಜೂಕಿನ ಗೋಡೌನ್ ಖಾಲಿ ಮಾಡಿ ಕೊಡಬೇಕು. ಮತ್ತೇನ್ ಮಾಡೂದು."

"ಕೊಡ್ರಿ. ರಸ್ತಾದ ಮ್ಯಾಲ ಐತಿ, ಯಾಪಾರಕ್ಕ ಚಲೋ," ಎಂದಳು ಅತ್ತೆ.

"ಹಂಗಾದ್ರ ಒಂದು ಕರಾರು ಪತ್ರ ಬೇಕಾಗ್ತೈತಲ್ಲವ್ವಾ."

ಅತ್ತೆ ಎದ್ದು ಹೋಗಿ ಕುರ್ಚಿಯಲ್ಲಿ ಕುಳಿತು, ಬಾಡಿಗೆ ಕರಾರಿನ ನಮೂನೆ ತೆರೆದಳು. ಚಾಳೀಸು ಹಾಕಿಕೊಂಡು, "ಹೇಳ್ರಿ," ಎಂದಳು. "ಒಂದೊಂದ ಹೇಳ್ರಿ. ನಾ ತಿರುಗಿ ಓದೂ ತನ ಮುಂದಕ್ಕ ಹೋಗಬ್ಯಾಡ್ರಿ."

ಟರ್ಮಿನಲ್ಲಿನ ಚಿತ್ರವನ್ನು ನಾನು ಅಂದೇ ಪಟ್ಟಿಗೆ ಮರಳಿ ಸೇರಿಸಿದೆ. ಉಳಿದ ಚಿತ್ರಗಳಲ್ಲಿ ಎಷ್ಟೋ ತೆಗೆಯಬಹುದೆಂದು ಅವಳೇ ಹೇಳಿದಳು, ತೆಗೆದೆ. ಈಗ ಅಪ್‌ಡೇಟ್ ಬಂದರೆ ಅವಳೇ ಕಪ್ಪು ಕಿಟಕಿ ತೆರೆದು ಸಾಲು ಹೊಡೆಯುತ್ತಾಳೆ. ಅದು ಓಡುವಾಗ ಅಕ್ಕಿ ಆರಿಸುತ್ತ ಒಂದೊಂದು ಸಾಲನ್ನೂ ಓದುತ್ತಾಳೆ. ದಸರಾ ಕಳೆದ ಮೇಲೆ ಕೆಲವು ವಾರ ದಿನಚರಿಯಲ್ಲಿ ಒಂದೂ ಗೆರೆ ಬೀಳಲಿಲ್ಲ. ಆಮೇಲೆ ಗೆರೆಗಾಗಿ ಜಾಗ ಬಿಡುವುದನ್ನು ನಿಲ್ಲಿಸಿದೆ.

ದೀಪಾವಳಿಯಲ್ಲಿ ಅಂಗಡಿ ಪೂಜೆ ಇರುತ್ತದೆ. ಹಿಂದಿನ ದಿನ ಅವಳೇ ಫೋನ್ ಮಾಡಿದಳು.

"ಅಪ್‌ಡೇಟ್ ಏನರ ಇದ್ರ ಇವತ್ತ ಮುಗಸ್ತೀನಿ. ನಾಳೆ ಅದಕ್ಕ ರಜಾ."

ಆ ಫೋನನ್ನು ನಾನು ಗೆರೆಯ ಲೆಕ್ಕಕ್ಕೆ ಹಿಡಿಯಲಿಲ್ಲ.